ಮನೆ ನೋಡಲು ಬರುವ ಭಾನುವಾರಕ್ಕೆ ಮೊದಲು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಮಾರಲು ಹೊರಟಿರುವ ಹಿರಿಯರಿಗೆ ಒಂದು ಬಹಿರಂಗ ಪತ್ರ



ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬ್ರೋಕರ್ ಒಂದು ಕುಟುಂಬವನ್ನು ಕರೆತರುತ್ತಾರೆ. ಯಜಮಾನರು ಗೇಟಿನ ಹೊರಗೇ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಬಾಗಿಲು ಪೂರ್ವಕ್ಕಿದೆಯೋ ಉತ್ತರಕ್ಕಿದೆಯೋ ನೋಡುತ್ತಾರೆ. ಅವರ ತಾಯಿ ಚಪ್ಪಲಿ ಬಿಟ್ಟವರೇ ನೆಟ್ಟಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ಸೊಸೆ ಬಚ್ಚಲುಮನೆಯ ಹೊರಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತಾಳೆ. ಮಗ ಕಾರು ಒಳಗೆ ಹಿಡಿಸೀತೇ ಎಂದು ಹೆಜ್ಜೆ ಹಾಕಿ ಅಳೆಯುತ್ತಾನೆ. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ‘ಮನೇಲಿ ಮಾತಾಡಿ ಹೇಳ್ತೀವಿ’ ಎಂದು ಹೊರಡುತ್ತಾರೆ.

ಆ ಇಪ್ಪತ್ತು ನಿಮಿಷಕ್ಕಾಗಿ ಮನೆಯವರು ಒಂದು ವಾರ ದುಡಿದಿರುತ್ತಾರೆ. ಹಾಲಿಗೆ ಹೊಸ ಬಣ್ಣ ಬಳಿಸಿರುತ್ತಾರೆ, ಸೋಫಾಗೆ ಹೊಸ ಹೊದಿಕೆ ಹಾಕಿರುತ್ತಾರೆ, ಊದುಬತ್ತಿ ಹಚ್ಚಿರುತ್ತಾರೆ. ಬಂದವರು ಇವುಗಳಲ್ಲಿ ಒಂದನ್ನೂ ನೋಡಲಿಲ್ಲ. ಅವರು ನೋಡಿದ್ದು ದಿಕ್ಕು, ನೀರು, ಗೋಡೆಯ ತೇವ, ಕಾರಿನ ಜಾಗ. ಮಾರುವವರು ತಯಾರಿ ಮಾಡುವುದು ಒಂದಕ್ಕೆ, ಕೊಳ್ಳುವವರು ಪರೀಕ್ಷೆ ಮಾಡುವುದು ಇನ್ನೊಂದನ್ನು. ಈ ಪತ್ರ ಬರೆಯಬೇಕಾಗಿ ಬಂದದ್ದು ಅದಕ್ಕಾಗಿಯೇ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ರಾಜಾಜಿನಗರಕ್ಕೆ ಮರುವರ್ಷ. ಬಸವನಗುಡಿ, ಮಲ್ಲೇಶ್ವರ ಇನ್ನೂ ಹಳೆಯವು. 1898ರ ಪ್ಲೇಗಿನ ಬಳಿಕ ಗಾಳಿ ಬೆಳಕು ಹುಡುಕಿ ಪೇಟೆಯ ಜನ ಅಲ್ಲಿಗೆ ಬಂದರು. ಈ ಬಡಾವಣೆಗಳಲ್ಲಿ ಸಾಲ ಮಾಡಿ, ಪಿ.ಎಫ್. ಹಣ ತೆಗೆದು, ಒಡವೆ ಅಡವಿಟ್ಟು ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎಬ್ಬಿಸಿದ ತಲೆಮಾರು ಈಗ ಎಪ್ಪತ್ತು ಎಂಬತ್ತು ದಾಟಿದೆ. ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಲಿಫ್ಟ್ ಇರುವ ಅಪಾರ್ಟ್‌ಮೆಂಟಿಗೆ ಹೋಗುವ ನಿರ್ಧಾರ ಸುಲಭವಾಗಿ ಆದದ್ದಲ್ಲ. ಕಷ್ಟಪಟ್ಟು ಮಾಡಿದ ಆ ನಿರ್ಧಾರ, ಮನೆ ತೋರಿಸುವ ಹಂತದ ತಪ್ಪುಗಳಿಂದ ವರ್ಷಗಟ್ಟಲೆ ಎಳೆದಾಡಬಾರದು.

ಸುಣ್ಣಬಣ್ಣದವರನ್ನು ಕರೆಯುವ ಮೊದಲು ನೀವೇ ಕೂತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಬರುವವರು ಕೊಳ್ಳುವುದು ಮನೆಯನ್ನೋ, ಸೈಟನ್ನೋ? ಹಳೆಯ ಬಡಾವಣೆಗಳಲ್ಲಿ ಬೆಲೆಯ ಬಹುಪಾಲು ನೆಲದ್ದು. ಮೂಲೆ ಸೈಟು, ಅಗಲವಾದ ರಸ್ತೆ, ಐವತ್ತು ವರ್ಷದ ಕಟ್ಟಡ ಎಂದರೆ ಬರುವವರಲ್ಲಿ ಹೆಚ್ಚಿನವರು ಬಿಲ್ಡರ್‌ಗಳು. ಅವರು ಕೆಡವಿಯೇ ಕಟ್ಟುತ್ತಾರೆ. ಅಂಥ ಮನೆಗೆ ಬಣ್ಣಕ್ಕೆಂದು ಎರಡು ಲಕ್ಷ ಸುರಿದರೆ ಅದರಲ್ಲಿ ಒಂದು ರೂಪಾಯಿಯೂ ವಾಪಸು ಬರದು. ಆ ಹಣದಲ್ಲಿ ಲೈಸೆನ್ಸ್ ಇರುವ ಸರ್ವೇಯರ್‌ರಿಂದ ಸೈಟನ್ನು ಅಳತೆ ಮಾಡಿಸಿ. ಕ್ರಯಪತ್ರದಲ್ಲಿ 40 ಅಡಿ ಎಂದಿದ್ದು ನೆಲದ ಮೇಲೆ 39 ಇದ್ದರೆ, ಅಥವಾ ಪಕ್ಕದ ಮನೆಯ ಕಾಂಪೌಂಡು ಅರ್ಧ ಅಡಿ ಈಚೆ ಬಂದಿದ್ದರೆ, ಅದು ಗೊತ್ತಾಗಬೇಕಾದದ್ದು ಮೊದಲು ನಿಮಗೆ. ಅಡ್ವಾನ್ಸ್ ಕೊಟ್ಟು ಕೂತ ಮೇಲೆ ಅವರ ವಕೀಲರಿಗಲ್ಲ.

ವಾಸಕ್ಕೆಂದೇ ಕೊಳ್ಳುವ ಕುಟುಂಬ ಬರುವ ಮನೆಗಳೂ ಬೇಕಾದಷ್ಟಿವೆ. ಅಲ್ಲಿ ಖರ್ಚು ಮಾಡಬೇಕು. ಆದರೆ ಎಲ್ಲಿ ಎಂಬುದೇ ಮುಖ್ಯ.

ಮೊದಲು ನೀರಿನ ಜಾಡು ಹಿಡಿಯಿರಿ. ಗೋಡೆಯ ಬುಡದಲ್ಲಿ ಬಣ್ಣ ಎದ್ದು, ಬಿಳಿ ಪುಡಿ ಉದುರುತ್ತಿದ್ದರೆ ಜನ ‘ಉಪ್ಪು ಬಿಟ್ಟಿದೆ’ ಎನ್ನುತ್ತಾರೆ. ಆ ಮಾತು ಅಕ್ಷರಶಃ ನಿಜ. ಮಣ್ಣಿನ ತೇವ ಇಟ್ಟಿಗೆಯೊಳಗೆ ಏರುತ್ತದೆ, ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ, ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಪುಟ್ಟಿ ಎಳೆದು ಎರಡು ಕೋಟು ಬಣ್ಣ ಹೊಡೆದರೆ ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ. ಅನುಭವವಿದ್ದವರಿಗೆ ಇದು ಕಣ್ಣಿಗೇ ತಿಳಿಯುತ್ತದೆ: ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಒಂದು ಗೋಡೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅವರ ಕೈ ಮೊದಲು ಹೋಗುವುದು ಅಲ್ಲಿಗೇ. ಹಳೆಯ ಗಾರೆಯನ್ನು ಕೆತ್ತಿ ತೆಗೆದು, ತೇವ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದು, ಅದನ್ನು ನಿಲ್ಲಿಸಿ, ಹೊಸ ಗಾರೆ ಹಾಕಿ ಒಂದು ವಾರ ನೀರುಣಿಸಿ, ಆಮೇಲೆ ಸುಮಾರು ನಾಲ್ಕು ವಾರ ಒಣಗಲು ಬಿಟ್ಟು ಬಣ್ಣ ಹೊಡೆಯಬೇಕು. ಎರಡು ತಿಂಗಳ ಕೆಲಸ. ‘ಮುಂದಿನ ವಾರ ಪಾರ್ಟಿ ಬರ್ತಿದ್ದಾರೆ’ ಎಂದು ಬ್ರೋಕರ್ ಅವಸರಪಡಿಸಿದಾಗ ಆಗುವ ಕೆಲಸವಲ್ಲ.

ತಾರಸಿಯ ಸೋರಿಕೆಗೆ ಹೆಚ್ಚಿನ ಸಲ ಕಾರಣ ದೊಡ್ಡದಿರುವುದಿಲ್ಲ. ನೀರು ಹೋಗುವ ಕೊಳವೆಯ ಬಾಯಿಗೆ ಮಾವಿನೆಲೆ, ಹೊಂಗೆಯ ಎಲೆ ಕಟ್ಟಿಕೊಂಡು, ನಿಂತ ನೀರು ಸಣ್ಣ ಬಿರುಕು ಹುಡುಕಿ ಇಳಿಯುತ್ತದೆ. ಕೊಳವೆಯ ಬಾಯಿ ಬಿಡಿಸಿ, ಬಿರುಕು ತುಂಬಿಸಿ, ಒಂದೆರಡು ದಿನ ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಚಾವಣಿ ನೋಡಿ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಮಾಡಿಸಿದ ದುರಸ್ತಿ ಆ ಎರಡು ತಿಂಗಳನ್ನು ಗೆದ್ದಿದೆ ಎಂದು ನೀವು ಎದೆ ಮುಟ್ಟಿ ಹೇಳಬಲ್ಲಿರಾದರೆ ಆ ಮಾತಿಗೆ ಯಾವ ಬಣ್ಣಕ್ಕಿಂತಲೂ ಹೆಚ್ಚು ಬೆಲೆ ಇದೆ.

ದುರಸ್ತಿ ಮಾಡಿಸಲು ಆಗದಿದ್ದರೆ? ಆಗ ಹೇಳಿಬಿಡಿ. ಇದು ಬರೀ ಒಳ್ಳೆಯತನದ ಮಾತಲ್ಲ, ಕಾನೂನು ಕೂಡ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವರ ಮೇಲೆ ಹೊರಿಸಿರುವ ಮೊಟ್ಟಮೊದಲ ಕರ್ತವ್ಯವೇ ಇದು: ತನಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು, ಅದು ಆಸ್ತಿಯದ್ದಾಗಲಿ ಹಕ್ಕಿನದ್ದಾಗಲಿ, ತಾನಾಗಿ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟರೆ ಅದನ್ನು ವಂಚನೆ ಎಂದೇ ಆ ಸೆಕ್ಷನ್ ಕರೆಯುತ್ತದೆ. ತೇವದ ಗೋಡೆಗೆ ಬೀರು ಒತ್ತಿ ನಿಲ್ಲಿಸಿ ಮನೆ ತೋರಿಸುವುದು ಜಾಣತನ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ನಲವತ್ತು ವರ್ಷ ಒಂದು ರಸ್ತೆಯಲ್ಲಿ ಮರ್ಯಾದೆಯಿಂದ ಬಾಳಿದವರು ಹೋಗುವಾಗ ಆ ಹೆಸರು ಬಿಟ್ಟು ಹೋಗಬಾರದು.

ನೀರು ಎಂದಾಗ ಕುಡಿಯುವ ನೀರನ್ನೂ ಹೇಳಬೇಕು. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದರು. ಆ ಬೇಸಿಗೆಯ ನೆನಪು ಕೊಳ್ಳುವವರ ತಲೆಯಲ್ಲಿ ಇನ್ನೂ ಹಸಿಯಾಗಿದೆ. ಕಾವೇರಿ ಮೊದಲ ಹಂತದ ನೀರು ಈ ಊರಿಗೆ ಬಂದದ್ದು 1974ರಲ್ಲಿ. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಆ ಐವತ್ತು ವರ್ಷ ಹಳೆಯ ಬಡಾವಣೆಗಳಿಗೆ ಇದ್ದ ಅನುಕೂಲ ನಿಮಗೆ ರೂಢಿಯಾಗಿ ಹೋಗಿದೆ, ಹಾಗಾಗಿ ಹೇಳಲು ಮರೆಯುತ್ತೀರಿ. ಕಾವೇರಿ ನೀರು ವಾರದ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೋರ್‌ವೆಲ್ ಇದ್ದರೆ ಎಷ್ಟು ಅಡಿ, ಮಳೆನೀರು ಸಂಗ್ರಹ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸಂಪನ್ನು ತೊಳೆಸಿ. ಅದರ ಮುಚ್ಚಳ ತೆಗೆದು ಇಣುಕುವವರು ಖಂಡಿತ ಒಬ್ಬರು ಬರುತ್ತಾರೆ.

ಇನ್ನು ನೆಲ. ಅರವತ್ತು ಎಪ್ಪತ್ತರ ದಶಕದ ಎಷ್ಟೋ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇದೆ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಗಾರೆಯವರು ಮಂಡಿಯೂರಿ ಕೂತು ಕರಣೆಯಿಂದ ತೀಡಿ ತೀಡಿ ಹೊಳಪು ತಂದ ನೆಲ ಅದು. ಅದರ ಕೈಕಸಬು ಗೊತ್ತಿದ್ದವರು ಇಂದು ವಿರಳ. ಮಾರುವ ಮುನ್ನ ‘ಹಳೇದಾಗಿ ಕಾಣುತ್ತೆ’ ಎಂದು ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದನ್ನು ದಯವಿಟ್ಟು ಮಾಡಬೇಡಿ. ಆ ಕೆಂಪನ್ನೇ ಹುಡುಕಿಕೊಂಡು ಬರುವ ಹರೆಯದವರು ಈಗ ಇದ್ದಾರೆ. ಅದನ್ನೂ ಮೊಸಾಯಿಕ್ಕನ್ನೂ ಆ್ಯಸಿಡ್ ಹಾಕಿ ಉಜ್ಜಿಸಬೇಡಿ. ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ, ಹೋದ ಹೊಳಪು ಮತ್ತೆ ಬರುವುದಿಲ್ಲ. ಬರೀ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಟ್ಟೆಯಲ್ಲಿ ತುಸು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಜಾರದ ಹಾಗೆ ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು. ಮಂಗಳೂರು ಹೆಂಚಿನ ಮಾಡು ಇದ್ದರೆ ಒಡೆದ ಹೆಂಚನ್ನು ಮಾತ್ರ ಬದಲಿಸಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಆ ಹೆಂಚು, ಬೆಂಗಳೂರಿನ ಮನೆಯೊಂದರ ನೆತ್ತಿಯ ಮೇಲೆ ಇನ್ನೂ ಕೂತಿದೆ ಎಂಬುದು ಮನೆಯ ಗುಣವೇ ಹೊರತು ಕೊರತೆ ಅಲ್ಲ.

ಸಾಮಾನಿನ ವಿಷಯ ಎಲ್ಲಕ್ಕಿಂತ ಕಷ್ಟ. ಅಟ್ಟದ ಮೇಲೆ ಹಿತ್ತಾಳೆ ಹಂಡೆ, ಮಕ್ಕಳ ತೊಟ್ಟಿಲು, ಮದುವೆಯ ಕೊಡುಗೆಯ ಸ್ಟೀಲ್ ಪಾತ್ರೆ, ನಿಂತುಹೋದ ಗ್ರೈಂಡರ್, ಕಟ್ಟು ಬಿಚ್ಚದ ವಾರಪತ್ರಿಕೆಗಳು. ಮಾರಾಟಕ್ಕಿಟ್ಟ ಮನೆಯನ್ನು ಅಣಿಗೊಳಿಸುವುದೇ ಒಂದು ವೃತ್ತಿಯಾಗಿರುವ ಅಮೆರಿಕದಲ್ಲಿ ಗೋಡೆಯ ಮೇಲಿನ ಕುಟುಂಬದ ಫೋಟೋಗಳನ್ನೆಲ್ಲ ಇಳಿಸಿಬಿಡಿ ಎನ್ನುತ್ತಾರೆ. ಆ ಸಲಹೆಯನ್ನು ಇಲ್ಲಿ ಹಾಗೇ ಹೇರಲಾಗದು. ಗಂಧದ ಹಾರ ಹಾಕಿದ ಅಪ್ಪ ಅಮ್ಮಂದಿರ ಪಟವನ್ನು ಗಿರಾಕಿ ಬರುತ್ತಾರೆಂದು ಕೆಳಗಿಳಿಸುವುದು ಯಾರಿಗೂ ಸಲ್ಲದ ಕೆಲಸ. ದೇವರಮನೆಯೂ ಇದ್ದಂತೆಯೇ ಇರಲಿ. ಆದರೆ ಅಟ್ಟ ಖಾಲಿಯಾಗಲಿ. ಕೋಣೆಯ ಬಾಗಿಲು ಪೂರ್ತಿ ತೆರೆಯುವಂತಾಗಲಿ. ಕಿಟಕಿಗೆ ಅಡ್ಡ ನಿಂತ ಬೀರು ಪಕ್ಕಕ್ಕೆ ಸರಿಯಲಿ. ಹೇಗೂ ಹೊಸ ಜಾಗಕ್ಕೆ ಹೋಗುವಾಗ ಇದರ ಮುಕ್ಕಾಲು ಪಾಲು ಜೊತೆಗೆ ಬರುವುದಿಲ್ಲ. ಯಾರಿಗೆ ಏನು ಎಂದು ಈಗಲೇ ಮಕ್ಕಳನ್ನು ಕೂರಿಸಿಕೊಂಡು ಹಂಚಿದರೆ, ಮನೆ ಬಿಡುವ ದಿನದ ಸಂಕಟದಲ್ಲಿ ಅರ್ಧ ಈಗಲೇ ಕಳೆಯುತ್ತದೆ. ಅದಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ. ಅವಸರಪಡಬೇಡಿ.

ಆಷಾಢ ಇದಕ್ಕೆ ಹೇಳಿ ಮಾಡಿಸಿದ ತಿಂಗಳು. ಮನೆ ನೋಡುವವರು ಆಗ ಬರುವುದಿಲ್ಲ, ಬ್ರೋಕರ್‌ಗಳ ಫೋನೂ ಸುಮ್ಮನಿರುತ್ತದೆ. ಶ್ರಾವಣ ಬರುವಷ್ಟರಲ್ಲಿ ಅಟ್ಟ ಖಾಲಿಯಾಗಿ ಕಾಗದಪತ್ರ ಒಂದೇ ಫೈಲಿಗೆ ಬಂದಿರಬೇಕು.

ಕಾಗದ. ಮನೆ ತೋರಿಸುವ ಮಾತಿನಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಆದರೆ ಒಪ್ಪಿಗೆಯಾದ ಎಷ್ಟೋ ವ್ಯಾಪಾರಗಳು ಮುರಿದು ಬೀಳುವುದು ಇಲ್ಲಿಯೇ. ಮೂಲ ಪತ್ರ, ಕ್ರಯಪತ್ರ, ಮಂಜೂರಾದ ನಕ್ಷೆ, ಈವರೆಗಿನ ತೆರಿಗೆ ರಸೀದಿ, ಋಣಭಾರ ಪತ್ರ, ಸಾಲ ತೀರಿದ್ದರೆ ಬ್ಯಾಂಕಿನ ಪತ್ರ. ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವುದು, ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಕ್ರಯಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ, ತೆರಿಗೆ ರಸೀದಿಯಲ್ಲಿ ತೀರಿಹೋದ ಯಜಮಾನರ ಹೆಸರು. ಇದನ್ನೆಲ್ಲ ಸರಿಪಡಿಸಲು ತಿಂಗಳುಗಳು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳಾಗಿವೆ, ನಿಮ್ಮ ಮನೆ ಈಗ ಯಾವುದಕ್ಕೆ ಸೇರುತ್ತದೆ ಎಂದೂ ತಿಳಿದಿಟ್ಟುಕೊಳ್ಳಿ.

ಕಾಗದದೊಳಗಿನ ಕಾಗದವೆಂದರೆ ಹೆಣ್ಣುಮಕ್ಕಳ ಸಹಿ. ಮನೆ ತಂದೆಯವರ ಹೆಸರಿನಲ್ಲಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮನಾದ ಪಾಲು. ಅವರ ತಾಯಿ ಬದುಕಿದ್ದರೆ ಆಕೆಗೂ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆ ಆ ಹೊತ್ತಿಗೆ ಬದುಕಿದ್ದರೋ ಇಲ್ಲವೋ ಎಂಬ ತಕರಾರನ್ನೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಹೀಗಿದ್ದರೂ ‘ಅವಳಿಗೆ ಮದುವೆಗೇ ಕೊಟ್ಟಾಯ್ತಲ್ಲ’ ಎಂದುಕೊಂಡು, ಮಂಡ್ಯದಲ್ಲೋ ದಾವಣಗೆರೆಯಲ್ಲೋ ಇರುವ ತಂಗಿಗೆ ಹೇಳದೆ ಮನೆ ತೋರಿಸಲು ಶುರುಮಾಡುವ ಅಣ್ಣಂದಿರಿದ್ದಾರೆ. ವಿಷಯ ಆಕೆಗೆ ಮೂರನೆಯವರ ಬಾಯಿಂದ ತಿಳಿಯುತ್ತದೆ. ಆಮೇಲೆ ಆಗುವ ನೋವನ್ನು ಯಾವ ಬೆಲೆಯೂ ತುಂಬಿಕೊಡದು. ಗೇಟಿಗೆ ‘ಮಾರಾಟಕ್ಕಿದೆ’ ಬೋರ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸ ಆ ತಂಗಿಯ ಮನೆಗೆ ಹೋಗಿ ಬರುವುದು. ಹೊರದೇಶದಲ್ಲಿರುವ ಮಗ ಬರಲಾಗದೆ ಅಲ್ಲಿಂದಲೇ ಅಧಿಕಾರಪತ್ರ ಕಳಿಸುತ್ತಾನಾದರೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು ಎಂಬುದೂ ನೆನಪಿರಲಿ.

ಮೇಲ್ಮನೆಯನ್ನು ಭೋಗ್ಯಕ್ಕೆ ಕೊಟ್ಟಿದ್ದರೆ ಆ ಕುಟುಂಬಕ್ಕೂ ಮೊದಲೇ ತಿಳಿಸಿ. ಹಿಂತಿರುಗಿಸಬೇಕಾದ ಭೋಗ್ಯದ ಹಣ ಎಷ್ಟು ಎಂಬುದನ್ನು ಕೊಳ್ಳುವವರಿಗೂ ಹೇಳಿ. ಬೇರೆಯವರು ಉಣ್ಣುತ್ತಿರುವಾಗ ಬಾಗಿಲು ತಟ್ಟಿ ಅಪರಿಚಿತರಿಗೆ ಅಡುಗೆಮನೆ ತೋರಿಸುವುದು ಬೇಡ.

ಬೆಲೆಯ ಮಾತು. 1990ರಲ್ಲಿ ಡೇನಿಯಲ್ ಕಾನ್‌ಮನ್, ಜಾಕ್ ಕ್ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದ್ದರು. ಉಳಿದವರನ್ನು ಎಷ್ಟು ಕೊಟ್ಟು ಕೊಳ್ಳುತ್ತೀರಿ ಎಂದು ಕೇಳಿದ್ದರು. ಮಗ್ ಕೈಗೆ ಬಂದು ಕೆಲವೇ ನಿಮಿಷ ಆಗಿದ್ದವರು ಹೇಳಿದ ಬೆಲೆ, ಇಲ್ಲದವರು ಹೇಳಿದ್ದರ ಸುಮಾರು ಎರಡರಷ್ಟಿತ್ತು. ಕೆಲವು ನಿಮಿಷದ ಮಗ್‌ಗೇ ಹೀಗಾದರೆ, ಮಗಳ ನಾಮಕರಣ ಮಾಡಿದ ಹಾಲಿಗೆ, ಹೆಂಡತಿಯ ಕೊನೆಯ ಉಸಿರು ಕೇಳಿದ ಕೋಣೆಗೆ ಮನಸ್ಸು ಎಷ್ಟು ಬೆಲೆ ಕಟ್ಟೀತು? ಅದು ತಪ್ಪಲ್ಲ. ಆದರೆ ಆ ಬೆಲೆಯನ್ನು ಕೊಳ್ಳುವವರಿಂದ ನಿರೀಕ್ಷಿಸಿದರೆ ಮನೆ ಮೂರು ವರ್ಷ ಬಿಕರಿಯಾಗದೆ ನಿಲ್ಲುತ್ತದೆ. ಅವರ ಕಿಸೆಯ ಲೆಕ್ಕವೂ ಇದೆ. ಎರಡು ಕೋಟಿಯ ಮನೆಗೆ ಶೇ. 5ರ ಮುದ್ರಾಂಕ ಶುಲ್ಕ 10 ಲಕ್ಷ; 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೇರಿದ ನೋಂದಣಿ ಶುಲ್ಕ 4 ಲಕ್ಷ. ಮೇಲೆ ಸೆಸ್ಸು, ಸರ್‌ಚಾರ್ಜು. ನಿಮ್ಮದೇ ರಸ್ತೆಯಲ್ಲಿ ಕಳೆದ ಒಂದು ವರ್ಷದಲ್ಲಿ ನಿಜವಾಗಿ ನೋಂದಣಿಯಾದ ಎರಡು ಮೂರು ಮನೆಗಳ ಬೆಲೆ ವಿಚಾರಿಸಿ, ಅದರ ಪಕ್ಕದಲ್ಲಿ ನಿಮ್ಮ ಮನೆಯನ್ನು ನಿಲ್ಲಿಸಿ ನೋಡಿ.

ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಒಂದು ಮಾತಿದೆ. ಮನೆ ತೋರಿಸುವ ಮೊದಲೇ ಬ್ರೋಕರ್ ಬಳಿ ‘ಅವರು ಯಾವ ಪೈಕಿ?’ ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ‘ಮನೆ ಕೊಟ್ಟಾಯ್ತು’ ಎಂದು ಹೇಳಿಸುವ ಪದ್ಧತಿ ನಮ್ಮ ಬಡಾವಣೆಗಳಲ್ಲಿ ಇನ್ನೂ ಇದೆ. ಬೆಳಿಗ್ಗೆ ಎದ್ದು ಮಕ್ಕಳಿಗೆ ಒಳ್ಳೆ ಬಟ್ಟೆ ಹಾಕಿಸಿ, ಒಂದು ಮನೆಯ ಆಸೆ ಹೊತ್ತು ಹೊರಟ ಕುಟುಂಬವನ್ನು ಗೇಟಿನಿಂದಲೇ ಹಿಂದೆ ಕಳಿಸಬೇಡಿ. ಮನೆಯನ್ನು ತಯಾರು ಮಾಡುವುದೆಂದರೆ ಬಾಗಿಲನ್ನು ಬಂದವರಿಗೆಲ್ಲ ತೆರೆಯಲು ತಯಾರಾಗುವುದೂ ಹೌದು.

ಇನ್ನು ತೋರಿಸುವ ದಿನ. ಮಧ್ಯಾಹ್ನ ಬೇಡ, ಬೆಳಿಗ್ಗೆ ಇರಲಿ. ಎಲ್ಲ ಕಿಟಕಿಗಳನ್ನೂ ಒಂದು ಗಂಟೆ ಮುಂಚೆ ತೆರೆದಿಡಿ. ಫಿನಾಯಿಲ್, ಊದುಬತ್ತಿ, ರೂಮ್ ಫ್ರೆಶ್‌ನರ್ ಯಾವುದೂ ಬೇಡ, ಗಾಢವಾದ ವಾಸನೆ ಬಂದರೆ ಏನನ್ನೋ ಮುಚ್ಚುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಸುಟ್ಟ ಬಲ್ಬುಗಳನ್ನು ಬದಲಿಸಿ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕಿಸಿ. ಕಿರುಗುಟ್ಟುವ ಕೀಲಿಗೆ ಎಣ್ಣೆ ಬಿಡಿ. ಒಡವೆ, ಪಾಸ್‌ಬುಕ್ಕು, ಔಷಧಿ ಬೀಗದೊಳಗಿರಲಿ. ಒಂಟಿಯಾಗಿರುವವರು ಆ ಹೊತ್ತಿಗೆ ನೆಂಟರನ್ನೋ ನೆರೆಯವರನ್ನೋ ಕರೆದಿಟ್ಟುಕೊಳ್ಳಿ. ಬಂದವರ ಬೆನ್ನ ಹಿಂದೆ ಪ್ರತಿ ಕೋಣೆಗೂ ಹೋಗಬೇಡಿ. ಮನೆಯವರ ಎದುರು ‘ಈ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಬಹುದು’ ಎಂದು ಹೇಳಲು ಅವರಿಗೆ ಮುಜುಗರ. ಆ ಮಾತು ಅವರ ಬಾಯಿಗೆ ಬಂತೆಂದರೆ ಅವರು ಆಗಲೇ ಮನಸ್ಸಿನಲ್ಲಿ ಅಲ್ಲಿ ಸಂಸಾರ ಹೂಡಿದ್ದಾರೆ. ನೀವು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರಿ. ನೀರಿನ ಹಾಳೆ, ಕಾಗದಗಳ ಜೆರಾಕ್ಸ್ ಪ್ರತಿ, ದುರಸ್ತಿಯ ಲೆಕ್ಕ ಹಾಲಿನ ಮೇಜಿನ ಮೇಲಿರಲಿ. ಮೂಲಪತ್ರಗಳು ಮಾತ್ರ ಬೀರುವಿನಲ್ಲಿಯೇ.

ಹೊರಬಂದಾಗ ಅವರು ಹಿತ್ತಲಿನ ಮರಗಳ ಬಗ್ಗೆ ಕೇಳುತ್ತಾರೆ. ಮಾವು ಯಾವ ತಿಂಗಳು ಬಿಡುತ್ತದೆ, ಕರಿಬೇವು ಎಷ್ಟು ವರ್ಷದ್ದು ಎಂದು ಸಾವಕಾಶವಾಗಿ ಹೇಳಿ. ಮರ ಕಡಿಯುವ ಯೋಚನೆ ಅವರಿಗಿದ್ದರೆ, 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು ಎಂಬುದನ್ನೂ ತಿಳಿಸಿ. ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಿದ್ದಾರೋ ನೋಡಿ. ನಿಲ್ಲಿಸಿದ್ದರೆ, ಬೇರೆ ಯಾವ ಮಾತಿಗೂ ಮೊದಲು ಅದನ್ನು ಆಚೆ ತೆಗೆಸಿ.

ಇತಿ,
ನಿಮ್ಮ ಹಿತ ಬಯಸುವ ನೆರೆಯವರು